ಪಂಪ್‌ಹೌಸಿನಲ್ಲಿ ಕುಣಿದ ಅಂಕಿಗಳು

ವಾಟ್ಸ್ಯಾಪ್‌ನಲ್ಲಿ ಬಂದ ವಿಡಿಯೊ ಹನ್ನೊಂದು ಸೆಕೆಂಡಿನದು. ನೀಲಿ ಬೆಳಕಿನ ಪುಟ್ಟ ಡಿಸ್‌ಪ್ಲೇಯ ಮೇಲೆ ಅರ್ಧ ಚೌಕ, ಅಡ್ಡಗೆರೆ, ಕೊಕ್ಕೆಯಂಥ ಯಾವ ಭಾಷೆಗೂ ಸೇರದ ಅಕ್ಷರಗಳು ತುಂಬಿಕೊಂಡಿದ್ದವು. ಹಿಂದೆ ಮೋಟರಿನ ಸದ್ದು. ಯಾರೋ ನಗುತ್ತಿದ್ದರು. ಕೆಳಗೆ ಸಂಗಮೇಶ್ ಬರೆದಿದ್ದ: 'ಟೀಚರಮ್ಮನ ಆಟಿಕೆ ಚೈನೀಸ್ ಮಾತಾಡ್ತಿದೆ. ಅರ್ಥ ಆಗೋರು ಬಂದು ಕೇಳ್ಕೊಂಡು ಹೋಗಿ.'

ತನ್ನ ಊರಿನ ಗ್ರೂಪಿನಲ್ಲಿ ಬಂದ ಅದನ್ನು ಸಿದ್ರಾಗೆ ಕಳಿಸಿದವಳು ಅವಳ ಜೊತೆ ಪಾಠ ಮಾಡುವ ಶೃತಿ. ನಲವತ್ತು ಜನ ನಗುವ ಮುಖ ಹಾಕಿದ್ದಾರೆ ಎಂದೂ ಹೇಳಿದಳು. ನೀನು ಏನು ಬರೆದೆ ಎಂದು ಸಿದ್ರಾ ಕೇಳಿದಾಗ ಮಾತ್ರ ಹಾಜರಿ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ಹೊರಟುಬಿಟ್ಟಳು. ಅವಳು ಏನೂ ಬರೆದಿರಲಿಲ್ಲ.

ಸಿದ್ರಾಗೆ ಮೂವತ್ತೆರಡು ವರ್ಷ. ತುಮಕೂರಿನ ಒಂದು ಪ್ರೌಢಶಾಲೆಯಲ್ಲಿ ಗಣಿತದ ಟೀಚರು. ಉಪ್ಪಾರಹಳ್ಳಿಯ ಅವಳ ಮನೆಯ ಮುಂದಿನ ಕೋಣೆಯಲ್ಲಿ ತಂದೆ ಏಜಾಜ್ ಅಹಮದ್ ಸುಟ್ಟುಹೋದ ಮೋಟರುಗಳಿಗೆ ಹೊಸ ತಂತಿ ಸುತ್ತುತ್ತಿದ್ದರು. ಅದೇ ಕೋಣೆಯ ಮೂಲೆಯಲ್ಲಿ ಅವಳದೊಂದು ಮೇಜು. ಅದರ ಮೇಲೆ ಮೈಕ್ರೊಕಂಟ್ರೋಲರ್ ಬೋರ್ಡುಗಳು, ಬಣ್ಣಬಣ್ಣದ ವೈರು, ಬೆಸುಗೆ ಹಾಕುವ ಕಡ್ಡಿ. ಅಂಗೈ ಅಗಲದ ಆ ಬೋರ್ಡಿಗೆ ನಾಲ್ಕು ಸಾಲು ಬರೆದುಕೊಟ್ಟರೆ ಅದು ಹೇಳಿದ ಕೆಲಸವನ್ನು ಹೇಳಿದ ಹಾಗೇ ಮಾಡುತ್ತದೆ ಎಂಬುದು ಅವಳಿಗೆ ಆರು ವರ್ಷದಿಂದ ಹಿಡಿದ ಹುಚ್ಚು. ಯಾರೂ ಕಲಿಸಿದ್ದಲ್ಲ. ಶಾಲೆಯ ಗಂಟೆ ತಾನಾಗಿ ಹೊಡೆಯುವ ಹಾಗೆ ಮಾಡಿದ್ದು ಅವಳೇ. ತಮ್ಮ ಮನೆಯ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ಅಡಿಗೆಮನೆಯಲ್ಲೇ ತೋರಿಸುವ ಡಿಸ್‌ಪ್ಲೇ ಕೂಡ ಅವಳದೇ. ಎರಡು ವರ್ಷದಲ್ಲಿ ಅದು ಒಮ್ಮೆಯೂ ತಪ್ಪು ಅಂಕಿ ತೋರಿಸಿರಲಿಲ್ಲ.

ಅದನ್ನು ನೋಡಿಯೇ ಶೃತಿ ತನ್ನ ತವರಿಗೂ ಒಂದು ಮಾಡಿಕೊಡು ಎಂದು ಕೇಳಿದ್ದು. ಅವಳ ಊರು ಗುಬ್ಬಿ ತಾಲ್ಲೂಕಿನಲ್ಲಿ, ಹಾಗಲವಾಡಿಗೆ ಮೂರು ಕಿಲೋಮೀಟರ್ ಈಚೆ. ಅಲ್ಲಿ ಊರಿನ ಟ್ರಸ್ಟಿನದೊಂದು ನೀರಿನ ವ್ಯವಸ್ಥೆ ಇತ್ತು: ನೆಲದ ಸಂಪು, ಒಂದು ಪಂಪ್‌ಹೌಸು, ಕಂಬಗಳ ಮೇಲೆ ಎತ್ತರದ ಟ್ಯಾಂಕು, ಅದರ ಬುಡದಲ್ಲಿ ಸಾಲಾಗಿ ಆರು ನಲ್ಲಿ. ನೀರುಗಂಟಿ ಚಿಕ್ಕಬೋರಯ್ಯನವರಿಗೆ ಐವತ್ತೆಂಟು ವರ್ಷ, ಒಂದು ಮಂಡಿ ಕೆಟ್ಟಿತ್ತು. ಟ್ಯಾಂಕು ತುಂಬಿತೋ ಇಲ್ಲವೋ ನೋಡಲು ಅವರು ದಿನಕ್ಕೆ ನಾಲ್ಕು ಸಲ ಕಬ್ಬಿಣದ ಏಣಿ ಹತ್ತಬೇಕಿತ್ತು. ಟ್ರಸ್ಟಿನ ಅಧ್ಯಕ್ಷರು ಶೃತಿಯ ದೊಡ್ಡಪ್ಪ ಚನ್ನವೀರಯ್ಯ. ಪಂಪ್‌ಹೌಸಿನ ವೈರಿಂಗ್ ಮಾಡಿದವನು ಅವರ ಮಗ ಸಂಗಮೇಶ್, ಊರೂರಿಗೂ ಪಂಪು ಕೂರಿಸುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರು.

ಸಿದ್ರಾ ಖುಷಿಯಿಂದಲೇ ಒಪ್ಪಿದ್ದಳು. ಟ್ಯಾಂಕಿನೊಳಗೆ ಬೇರೆ ಬೇರೆ ಎತ್ತರಕ್ಕೆ ಐದು ಸ್ಟೀಲ್ ಕಡ್ಡಿ ಇಳಿಬಿಟ್ಟಳು. ನೀರು ಯಾವ ಕಡ್ಡಿಯನ್ನು ಮುಟ್ಟಿತೋ ಅದರ ವೈರಿನಲ್ಲಿ ಬೋರ್ಡಿಗೆ ಸುದ್ದಿ ಹೋಗುತ್ತದೆ. ಟ್ಯಾಂಕು ನೂರಕ್ಕೆ ಎಷ್ಟು ತುಂಬಿದೆ ಎಂದು ಡಿಸ್‌ಪ್ಲೇ ಇಪ್ಪತ್ತು, ನಲವತ್ತು, ಅರವತ್ತು ಹೀಗೆ ತೋರಿಸುತ್ತದೆ. ಮೊದಲ ದಿನ ಅವಳು ಸಂಗಮೇಶನನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದಳು: ಇಲ್ಲಿ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ, ಸರಿಯಾಗಿದೆಯಾ ಎಂದು. ಅವನು ಪಂಪ್‌ಹೌಸಿನ ಹಿಂದೆ ನೆಲದಲ್ಲಿದ್ದ ಸಿಮೆಂಟ್ ಮುಚ್ಚಳ ತೋರಿಸಿದ. ಅದರ ಮೇಲೆ ಹಸಿರು ಬಣ್ಣದಲ್ಲಿ ಅರ್ಥ್ ಪಿಟ್ ಎಂದು ಬರೆದಿತ್ತು. ಪ್ಯಾನಲ್ಲಿನಿಂದ ಹಸಿರು ವೈರೊಂದು ಪ್ಲಾಸ್ಟಿಕ್ ಪೈಪಿನೊಳಗೆ ಇಳಿದು ಮಣ್ಣಿಗೆ ಹೋಗಿತ್ತು. ಅವಳು ನಂಬಿದಳು.

ಡಿಸ್‌ಪ್ಲೇ ಹಚ್ಚಿದಾಗ ನಲವತ್ತು ಎಂದು ತೋರಿಸಿತು. ಏಣಿ ಹತ್ತಿ ನೋಡಿ ಬಂದ ಚಿಕ್ಕಬೋರಯ್ಯ ಸರಿಯಾಗಿದೆ ಎಂದರು. ಆಮೇಲೆ ಮೋಟರು ಹಾಕಿದರು. ಆ ಕ್ಷಣವೇ ಡಿಸ್‌ಪ್ಲೇಯ ತುಂಬ ಕಸ.

ಇದು ಇಂಥ ಕೆಲಸದಲ್ಲಿ ಆಗುವುದೇ. ಮೋಟರು ಶುರುವಾಗುವಾಗ ಸ್ಟಾರ್ಟರಿನೊಳಗಿನ ಕಾಯಿಲ್ ಎಂಬ ತಂತಿಯ ಸುರುಳಿ ಕರೆಂಟಿನ ಒಂದು ಏಟು ಹೊಡೆಯುತ್ತದೆ. ಆ ಏಟು ವೈರುಗಳಲ್ಲಿ ಓಡಿ ಬಂದು ಡಿಸ್‌ಪ್ಲೇಯನ್ನು ಗಲಿಬಿಲಿಗೊಳಿಸುತ್ತದೆ. ಅದಕ್ಕೆ ನಾಯ್ಸ್ ಎನ್ನುತ್ತಾರೆ, ಅದಕ್ಕೆ ಮದ್ದೂ ಇದೆ. ಎರಡನೆಯ ಭಾನುವಾರ ಅವಳು ಬೋರ್ಡಿನ ಪಕ್ಕದಲ್ಲೇ ಆ ಏಟನ್ನು ಹೀರಿಕೊಳ್ಳುವ ಕೆಪಾಸಿಟರ್ ಹಾಕಿದಳು, ಉದ್ದವಿದ್ದ ಡಿಸ್‌ಪ್ಲೇ ವೈರನ್ನು ಗೇಣುದ್ದಕ್ಕೆ ಕತ್ತರಿಸಿದಳು. ಸಾಲಲಿಲ್ಲ. ಆ ವಾರವೇ ವಿಡಿಯೊ ಗ್ರೂಪಿಗೆ ಹೋದದ್ದು. ಮೂರನೆಯ ಭಾನುವಾರ ಅವಳು ಹಲ್ಲು ಕಚ್ಚಿಕೊಂಡೇ ಹೋದಳು. ಏಟು ಹುಟ್ಟುವ ಜಾಗದಲ್ಲೇ ಅದನ್ನು ನುಂಗಿಕೊಳ್ಳಲಿ ಎಂದು ಸ್ಟಾರ್ಟರಿನ ಕಾಯಿಲಿಗೆ ರೆಸಿಸ್ಟರ್ ಮತ್ತು ಕೆಪಾಸಿಟರ್ ಜೋಡಿಸಿದಳು, ಬೋರ್ಡಿಗೆ ಬೇರೆಯದೇ ಅಡಾಪ್ಟರ್ ಕೊಟ್ಟಳು. ಸಂಗಮೇಶ್ ಬಾಗಿಲಿಗೆ ಒರಗಿ ನಿಂತು ಫೋನು ನೋಡುತ್ತಿದ್ದ. ಮೋಟರು ಶುರುವಾಯಿತು. ಕಸ ಬರಲಿಲ್ಲ. ಅರವತ್ತು ಎಂಬ ಅಂಕಿ ಅಲ್ಲಾಡದೆ ನಿಂತಿತು.

ಅವಳು ಉಸಿರು ಬಿಡುವಷ್ಟರಲ್ಲಿ ಅರವತ್ತು ನೂರಾಯಿತು. ನೂರು ಇಪ್ಪತ್ತಾಯಿತು. ಮತ್ತೆ ಎಂಬತ್ತು. ಮೋಟರು ಓಡುತ್ತಿರುವಷ್ಟು ಹೊತ್ತೂ ಅಂಕಿಗಳು ಕುಣಿಯುತ್ತಲೇ ಇದ್ದವು.

"ಮೇಡಂ, ಇದನ್ನ ಸ್ಕೂಲ್ ಎಕ್ಸಿಬಿಷನ್‌ಗೆ ಇಟ್ಕೊಳಿ," ಎಂದ ಸಂಗಮೇಶ್. "ಇಲ್ಲಿ ಕೆಲ್ಸ ಮಾಡೋ ಜಾಗ."

ಆ ಸಿಟ್ಟನ್ನು ಅವಳು ಅವನ ಮೇಲೆ ತೀರಿಸಿಕೊಳ್ಳಲಿಲ್ಲ. ಹತ್ತಿರ ನಿಂತಿದ್ದ ಚಿಕ್ಕಬೋರಯ್ಯನವರ ಮೇಲೆ ತೀರಿಸಿಕೊಂಡಳು. ಅವರು ಸ್ಟಾರ್ಟರಿನ ಗುಂಡಿಯನ್ನು ಕೈಯಿಂದ ಒತ್ತದೆ ದೂರ ನಿಂತು ಒಂದು ಒಣ ಬಿದಿರು ಕೋಲಿನ ತುದಿಯಿಂದ ಒತ್ತುವುದನ್ನು ಅವಳು ಮೂರು ವಾರದಿಂದ ನೋಡಿದ್ದಳು. ಹೀಗೆ ಕೋಲಲ್ಲಿ ತಿವಿದು ತಿವಿದು ಒಳಗೆ ಏನನ್ನೋ ಸಡಿಲ ಮಾಡಿದ್ದೀರಿ, ನನ್ನ ವೈರುಗಳನ್ನೂ ಎಳೆದಾಡಿರಬೇಕು, ನಾನು ಇಲ್ಲದಾಗ ಯಾರು ಮುಟ್ಟುತ್ತಾರೆ ಇದನ್ನು ಎಂದು ಎಲ್ಲರೆದುರಿಗೆ ರೇಗಿದಳು. ಅವರು ತಲೆ ತಗ್ಗಿಸಿ ನಿಂತರು. ಸಂಗಮೇಶನ ಕಡೆ ಒಂದು ಸಲ ನೋಡಿದರು, ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು.

ಹೊರಡುವ ಮೊದಲು ಅವಳು ಇನ್ನೊಂದು ಪರೀಕ್ಷೆ ಮಾಡಿದಳು. ಟ್ಯಾಂಕಿನಿಂದ ಬರುವ ಐದು ವೈರುಗಳನ್ನು ಬೋರ್ಡಿನಿಂದ ಕಿತ್ತು ಮೋಟರು ಹಾಕಿಸಿದಳು. ಅಂಕಿ ಕುಣಿಯಲಿಲ್ಲ. ವೈರು ಮತ್ತೆ ಸಿಕ್ಕಿಸಿದಳು. ಕುಣಿಯಿತು. ಮೋಟರು ನಿಲ್ಲಿಸಿದಾಗ ವೈರಿದ್ದರೂ ಸುಮ್ಮನಾಯಿತು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆದರೆ ತಲೆ ಎಷ್ಟು ಕಾದಿತ್ತೆಂದರೆ, ತಾನು ಬರೆದುಕೊಂಡದ್ದು ಏನು ಹೇಳುತ್ತಿದೆ ಎಂದು ಯೋಚಿಸಲಿಲ್ಲ. ಅದಕ್ಕಾಗಿ ಅವಳು ಆಮೇಲೆ ತನ್ನನ್ನು ತಾನು ಬಹಳ ಬೈದುಕೊಂಡಳು.

ಮಂಗಳವಾರ ಬೆಳಗ್ಗೆ ಚನ್ನವೀರಯ್ಯನವರ ಹೆಂಡತಿ ಗಂಗಾಂಬಿಕೆ ನಲ್ಲಿಯ ಹತ್ತಿರ ಬಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ನೆಲ ಒದ್ದೆಯಾಗಿತ್ತು. ನಲ್ಲಿ ತಿರುಗಿಸಲು ಹೋದವರನ್ನು ಯಾರೋ ಹಿಡಿದು ಎಸೆದಂತಾಯಿತಂತೆ. ಬಲಗೈ ಮಣಿಕಟ್ಟು ಮುರಿದಿತ್ತು. ಬುಧವಾರ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳುವಾಗ ಶೃತಿ ಸಿದ್ರಾಳ ಮುಖ ನೋಡಲಿಲ್ಲ.

"ಊರಲ್ಲೆಲ್ಲ ನಿನ್ನ ಬೋರ್ಡಿಂದನೇ ಆಗಿದ್ದು ಅಂತಿದಾರೆ ಕಣೇ. ಸಂಗಮೇಶಣ್ಣನೇ ಹೇಳ್ದ. ಅದನ್ನ ಹಾಕೋಕ್ ಮುಂಚೆ ಇದೆಲ್ಲ ಇರ್ಲಿಲ್ಲ ಅಂತ."

ಐದು ವೋಲ್ಟಿನ ಬೋರ್ಡದು. ನಾಲಿಗೆಗೆ ಮುಟ್ಟಿಸಿಕೊಂಡರೂ ಚುರುಕ್ ಎನ್ನುವುದಕ್ಕಿಂತ ಹೆಚ್ಚೇನೂ ಆಗದು. ಹಾಗೆಂದು ಹೇಳಲು ಬಾಯಿ ತೆರೆದ ಸಿದ್ರಾಗೆ ಅಡಾಪ್ಟರ್ ನೆನಪಾಯಿತು. ಅದು ಕರೆಂಟಿನ ಪ್ಲಗ್ಗಿಗೇ ಸಿಕ್ಕಿಸಿದ್ದು. ಅದರೊಳಗೆ ಏನಾದರೂ ಕೆಟ್ಟು ಮೇನ್ ಕರೆಂಟು ತನ್ನ ವೈರು ಹಿಡಿದು ಟ್ಯಾಂಕಿಗೆ ಏರಿದ್ದರೆ? ಕಡ್ಡಿಗಳನ್ನು ನೀರಿಗೆ ಇಳಿಬಿಟ್ಟವಳು ತಾನೇ. ಒಬ್ಬ ಹೆಂಗಸಿನ ಕೈ ಮುರಿದಿದೆ. ಮಧ್ಯಾಹ್ನದ ಎರಡು ಪೀರಿಯಡ್‌ನಲ್ಲಿ ಏನು ಪಾಠ ಮಾಡಿದಳೋ ಅವಳಿಗೇ ನೆನಪಿಲ್ಲ.

ಸಂಜೆ ಮನೆಗೆ ಬಂದವಳೇ ತಂದೆಯ ಮುಂದೆ ನೋಟ್‌ಬುಕ್ ಇಟ್ಟಳು. ಏಜಾಜ್ ಅಹಮದ್ ಹೆಚ್ಚು ಮಾತಿನವರಲ್ಲ. ಕೈಯಲ್ಲಿದ್ದ ಮೋಟರನ್ನು ಪಕ್ಕಕ್ಕಿಟ್ಟು, ಭಾನುವಾರ ಅವಳು ಬರೆದುಕೊಂಡ ಮೂರು ಸಾಲನ್ನು ಎರಡು ಸಲ ಓದಿದರು. ಆಮೇಲೆ ಉರ್ದುವಿನಲ್ಲಿ, ಬೋರ್ಡಿಗೆ ಗಲಾಟೆ ತರುತ್ತಿರುವುದು ಸ್ಟಾರ್ಟರ್ ಅಲ್ಲ, ನೀರು ಎಂದರು. ಮೋಟರು ಓಡುವಾಗ ಮಾತ್ರ ನೀರಿನೊಳಗೆ ಕರೆಂಟ್ ಬರುತ್ತಿದೆ. ನಿನ್ನ ಅಡಾಪ್ಟರಿನದಾಗಿದ್ದರೆ ಮೋಟರು ನಿಂತಾಗಲೂ ಇರಬೇಕಿತ್ತು.

ಸಿದ್ರಾ ಮೇಜಿನ ಅಂಚು ಹಿಡಿದು ಕೂತಳು. ಭಾನುವಾರವೇ ಉತ್ತರ ಅವಳ ಕೈಬರಹದಲ್ಲೇ ಇತ್ತು. ಡಿಸ್‌ಪ್ಲೇ ಕೆಟ್ಟಿರಲಿಲ್ಲ. ಮೂರು ವಾರದಿಂದ ಅದು ತನಗೆ ತಿಳಿದ ಒಂದೇ ರೀತಿಯಲ್ಲಿ, ಇಲ್ಲಿ ಏನೋ ಸರಿಯಿಲ್ಲ ಎನ್ನುತ್ತಿತ್ತು. ಅವಳು ಅದರ ಬಾಯಿ ಮುಚ್ಚಿಸುವುದು ಹೇಗೆಂದು ಕೆಪಾಸಿಟರ್ ಹುಡುಕುತ್ತಿದ್ದಳು.

ಆಗಲೇ ಶೃತಿಗೆ ಫೋನು ಮಾಡಿ, ಮೋಟರು ಹಾಕಬೇಡಿ ಎಂದು ಈಗಲೇ ಊರಿಗೆ ಹೇಳು ಎಂದಳು. ದೊಡ್ಡಪ್ಪ ಕೇಳುವುದಿಲ್ಲ, ನಾನು ಹೇಳಿದರೆ ಸಂಗಮೇಶಣ್ಣನಿಗೆ ಸಿಟ್ಟು ಬರುತ್ತದೆ ಎಂದು ಶೃತಿ ರಾಗ ಎಳೆದಳು.

"ಯಾರಾದ್ರೂ ಸತ್ತ ಮೇಲೆ ಹೇಳ್ತೀಯಾ?" ಎಂದಳು ಸಿದ್ರಾ. "ನನ್ನ ನೋಡಿ ನಲವತ್ತು ಜನ ನಕ್ಕಾಗ ಸುಮ್ನಿದ್ದೆ. ಅದನ್ನ ಬಿಡು, ನನ್ ಮಾನ ನಾನ್ ನೋಡ್ಕೋತೀನಿ. ಇದಕ್ಕೂ ಸುಮ್ನಿರ್ತೀನಿ ಅಂದ್ರೆ ನಾಳೆಯಿಂದ ನನ್ ಜೊತೆ ಮಾತಾಡ್ಬೇಡ."

ಆಮೇಲೆ ಶೃತಿ, ದೊಡ್ಡಮ್ಮನಿಗೆ ಹೇಳುತ್ತೇನೆ, ಬೆಳಗ್ಗೆ ನಾನೂ ಬರುತ್ತೇನೆ ಎಂದಳು.

ಗುರುವಾರ ಸಿದ್ರಾ, ಶೃತಿ ಶಾಲೆಗೆ ರಜೆ ಹಾಕಿ ಏಜಾಜ್ ಅಹಮದರ ಜೊತೆ ಗುಬ್ಬಿಗೆ ಹೋಗಿ, ಅಲ್ಲಿಂದ ಚೇಳೂರಿನ ಮೇಲೆ ಹೋಗುವ ಪ್ರೈವೇಟ್ ಬಸ್ ಹತ್ತಿದರು. ಏಜಾಜ್ ಅಹಮದರ ಚೀಲದಲ್ಲಿ ಮೀಟರು ಇತ್ತು, ರಬ್ಬರ್ ಕೈಗವಸು, ಒಂದು ಕಬ್ಬಿಣದ ಸಲಾಕೆ, ಮತ್ತೆ ಎರಡು ವೈರಿನ ತುದಿಗೆ ಕ್ಲಿಪ್ ಹಾಕಿದ ಹೋಲ್ಡರಿನಲ್ಲಿ ಅರವತ್ತು ವ್ಯಾಟಿನ ಹಳೆಯ ಬಲ್ಬು. ದಾರಿಯಲ್ಲಿ ಅವರು ಮಗಳಿಗೆ ಒಂದೇ ಮಾತು ಹೇಳಿದರು. ಅಲ್ಲಿ ಮೊದಲು ನಿನ್ನದನ್ನು ಪೂರ್ತಿ ಕಿತ್ತು ಹೊರಗಿಡು. ಯಾರೂ ಅದರ ಮೇಲೆ ಬೆರಳು ತೋರಿಸುವ ಹಾಗಿರಬಾರದು.

ಅವಳು ಹಾಗೇ ಮಾಡಿದಳು. ಚಿಕ್ಕಬೋರಯ್ಯ ಬೀಗ ತೆಗೆದ ಕೂಡಲೇ ಡಿಸ್‌ಪ್ಲೇ, ಬೋರ್ಡು, ಅಡಾಪ್ಟರ್, ಐದು ವೈರು, ಸ್ಟಾರ್ಟರಿನಲ್ಲಿ ತಾನು ಹಾಕಿದ್ದ ಕೆಪಾಸಿಟರ್, ಎಲ್ಲವನ್ನೂ ಬಿಚ್ಚಿ ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ನೀರಿಗೆ ಬಂದಿದ್ದ ಏಳೆಂಟು ಹೆಂಗಸರು ನಿಂತು ನೋಡಿದರು. ಸುದ್ದಿ ತಿಳಿದು ಚನ್ನವೀರಯ್ಯ ಬಂದರು, ಅವರ ಹಿಂದೆ ಬೈಕಿನಲ್ಲಿ ಸಂಗಮೇಶ್ ಬಂದ.

ಏಜಾಜ್ ಅಹಮದ್ ಯಾರಿಗೂ ಏನೂ ವಿವರಿಸಲಿಲ್ಲ. ಬಲ್ಬಿನ ಒಂದು ಕ್ಲಿಪ್ಪನ್ನು ಪ್ಯಾನಲ್ಲಿನ ಕರೆಂಟಿನ ವೈರಿಗೆ, ಇನ್ನೊಂದನ್ನು ನ್ಯೂಟ್ರಲ್ಲಿಗೆ ಸಿಕ್ಕಿಸಿದರು. ಬಲ್ಬು ಜೋರಾಗಿ ಹತ್ತಿತು. ಎರಡನೆಯ ಕ್ಲಿಪ್ಪನ್ನು ತೆಗೆದು ಹಸಿರು ವೈರಿಗೆ ಹಾಕಿದರು. ಅರ್ಥಿಂಗ್ ಸರಿಯಿದ್ದರೆ ಆಗಲೂ ಹಾಗೇ ಹತ್ತಬೇಕು. ಬಲ್ಬಿನ ತಂತಿ ಕೆಂಪಗೂ ಆಗಲಿಲ್ಲ.

ಅವರು ಪಂಪ್‌ಹೌಸಿನ ಹಿಂದೆ ಹೋಗಿ ಹಸಿರು ವೈರು ಇಳಿದಿದ್ದ ಪ್ಲಾಸ್ಟಿಕ್ ಪೈಪಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ವೈರನ್ನು ಮೆಲ್ಲಗೆ ಎಳೆದರು. ಅದು ಎಲ್ಲೂ ತಡೆಯದೆ ಬಂತು. ಮಣ್ಣಿನೊಳಗೆ ಒಂದು ಗೇಣಿನಷ್ಟೇ ಇತ್ತು. ತುದಿಯನ್ನು ಕಟಿಂಗ್ ಪ್ಲೇಯರಿನಲ್ಲಿ ನೀಟಾಗಿ ಕತ್ತರಿಸಲಾಗಿತ್ತು. ತಾಮ್ರ ಇನ್ನೂ ಹೊಳೆಯುತ್ತಿತ್ತು. ಅರ್ಥ್ ಪಿಟ್ ಎಂದು ಬರೆದಿದ್ದ ಸಿಮೆಂಟ್ ಮುಚ್ಚಳಕ್ಕೆ ಸಿದ್ರಾ ಸಲಾಕೆ ಹಾಕಿ ಮೀಟಿದಳು. ಕೆಳಗೆ ಪೈಪೂ ಇಲ್ಲ, ಪಟ್ಟಿಯೂ ಇಲ್ಲ, ಸುತ್ತ ತುಂಬಬೇಕಾದ ಉಪ್ಪು ಇದ್ದಿಲೂ ಇಲ್ಲ. ಗಟ್ಟಿ ಮಣ್ಣು. ಮುಚ್ಚಳವನ್ನು ಬರೀ ನೆಲದ ಮೇಲೆ ಇಟ್ಟಿದ್ದರು.

ಯಾರೋ ಮರೆತದ್ದಲ್ಲ ಇದು. ಬಣ್ಣ ತಂದು, ಬ್ರಷ್ ಅದ್ದಿ, ಆ ಎರಡು ಪದ ಬರೆದಿದ್ದಾರೆ. ಬರೆಯುವವನಿಗೆ ಕೆಳಗೆ ಏನೂ ಇಲ್ಲ ಎಂದು ಗೊತ್ತಿತ್ತು.

"ಮಳೆಗಾಲದಲ್ಲಿ ಪೈಪ್ ತುಕ್ಕು ಹಿಡ್ದಿತ್ತು, ತೆಗ್ಸಿದ್ದೆ," ಎಂದ ಸಂಗಮೇಶ್. "ಹೊಸಾದು ಹಾಕ್ಸೋದಿತ್ತು. ಅದಕ್ಕೂ ನಮ್ಮಮ್ಮಂಗೆ ಆಗಿದ್ದಕ್ಕೂ ಸಂಬಂಧ ಇಲ್ಲ. ಪೈಪಲ್ಲಿ ಸ್ವಲ್ಪ ಕರೆಂಟು ಎಲ್ಲಾ ಕಡೆನೂ ತೋರ್ಸುತ್ತೆ. ಅದು ಇಂಡಕ್ಷನ್. ಮೀಟರ್ ಇಟ್ರೆ ನಮ್ಮನೆ ಕಿಟಕೀಲೂ ಬರುತ್ತೆ."

ಅದರಲ್ಲಿ ಅರ್ಧ ನಿಜವಿತ್ತು, ಅದಕ್ಕೇ ಸಿದ್ರಾಗೆ ಇನ್ನೂ ಸಿಟ್ಟು ಬಂತು. ಮೀಟರು ಬಹಳ ಸೂಕ್ಷ್ಮ. ಪಕ್ಕದ ವೈರಿನ ನೆರಳು ಬಿದ್ದರೂ ಅಂಕಿ ತೋರಿಸುತ್ತದೆ, ಆ ಕರೆಂಟು ಇರುವೆಯನ್ನೂ ಕೊಲ್ಲದು. ಕೆಲಸ ಬಲ್ಲವನು ಗೊತ್ತಿದ್ದೂ ಆಡಿದ ಮಾತದು. ಅವಳು ಉತ್ತರ ಕೊಡುವ ಮೊದಲೇ ತಂದೆ ಮೀಟರನ್ನು ಚೀಲದೊಳಗೆ ಹಾಕಿಬಿಟ್ಟರು. ಸಲಾಕೆಯನ್ನು ನಲ್ಲಿಯ ಪಕ್ಕದ ಕೆಸರಿಗೆ ಹೊಡೆದು, ಬಲ್ಬಿನ ಒಂದು ಕ್ಲಿಪ್ಪನ್ನು ಸಲಾಕೆಗೆ, ಇನ್ನೊಂದನ್ನು ನಲ್ಲಿಯ ಕಬ್ಬಿಣದ ಪೈಪಿಗೆ ಕಚ್ಚಿಸಿದರು. ಎಲ್ಲರನ್ನೂ ಹತ್ತು ಹೆಜ್ಜೆ ಹಿಂದಕ್ಕೆ ಕಳಿಸಿ, ಮೋಟರು ಹಾಕಿ ಎಂದು ಚಿಕ್ಕಬೋರಯ್ಯನವರಿಗೆ ಹೇಳಿದರು.

ಚಿಕ್ಕಬೋರಯ್ಯ ಬಿದಿರು ಕೋಲಿನಿಂದ ಗುಂಡಿ ಒತ್ತಿದರು. ಮೋಟರು ಗುಂಯ್‌ಗುಟ್ಟಿತು. ನಲ್ಲಿಯ ಪಕ್ಕದಲ್ಲಿ, ಹಗಲು ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಬಲ್ಬು ಕಿತ್ತಳೆ ಬಣ್ಣಕ್ಕೆ ಹತ್ತಿಕೊಂಡಿತು.

ಬಿಂದಿಗೆ ಹಿಡಿದ ಹೆಂಗಸೊಬ್ಬಳು ತನ್ನ ಕೈ ನೋಡಿಕೊಂಡಳು. ಶೃತಿ ಫೋನು ತೆಗೆದು ಬಲ್ಬನ್ನೂ ಪೈಪನ್ನೂ ಕಿತ್ತುಬಂದ ಹಸಿರು ವೈರನ್ನೂ ಒಂದೇ ವಿಡಿಯೊದಲ್ಲಿ ಹಿಡಿದಳು.

"ನೆರಳಿನ ಕರೆಂಟಲ್ಲಿ ಬಲ್ಬ್ ಹತ್ತಲ್ಲ ಕಣಪ್ಪ," ಎಂದರು ಏಜಾಜ್ ಅಹಮದ್. "ಮೋಟರ್ ಒಳಗಿನ ತಂತಿ ಅದರ ಕಬ್ಬಿಣದ ಮೈಗೆ ತಗುಲ್ತಾ ಇದೆ. ಮೈಯಿಂದ ಪೈಪು, ಪೈಪಿಂದ ನಲ್ಲಿ. ಅರ್ಥಿಂಗ್ ಇದ್ದಿದ್ರೆ ಮೊದಲ್ನೇ ದಿನನೇ ಫ್ಯೂಸ್ ಹೋಗ್ತಿತ್ತು."

ಆಗ ಚಿಕ್ಕಬೋರಯ್ಯ ಕೋಲನ್ನು ಗೋಡೆಗೆ ಒರಗಿಸಿ ಬಾಯಿ ಬಿಟ್ಟರು. ನಾಲ್ಕು ತಿಂಗಳ ಹಿಂದೆ ಸ್ಟಾರ್ಟರಿನ ಡಬ್ಬ ಮುಟ್ಟಿ ಅವರೂ ಬಿದ್ದಿದ್ದರಂತೆ. ಆವತ್ತಿನಿಂದ ಕೋಲು. ಸಂಗಮೇಶನಿಗೆ ಮೂರು ಸಲ ಹೇಳಿದ್ದರಂತೆ. "ಕುಡ್ಕೊಂಡ್ ಬಂದು ಬಿದ್ದು ನನ್ ವೈರಿಂಗಿಗೆ ಹೆಸ್ರಿಡ್ತೀಯಾ, ಬೇರೆ ನೀರುಗಂಟಿ ನೋಡ್ಕೋಬೇಕಾಯ್ತದೆ ಅಂದ್ರು," ಎಂದರು. "ನಾನ್ ಕುಡಿಯಾಕಿಲ್ಲ ಅಂತ ಊರಿಗೇ ಗೊತ್ತು. ಆದ್ರೂ ಸುಮ್ಕಾದೆ. ಹೊಟ್ಟೆಪಾಡು."

ಚನ್ನವೀರಯ್ಯ ಕೆಮ್ಮಿದರು. ಆದದ್ದು ಆಯಿತು, ಹುಡುಗ ಸರಿಮಾಡುತ್ತಾನೆ, ಇದನ್ನು ಊರ ಮುಂದೆ ಹರಡುವುದು ಬೇಡ, ಮನೆಯೊಳಗಿನ ಮಾತು ಎಂದು ಶುರುಮಾಡಿದರು. ಬಲ್ಬು ಇನ್ನೂ ಉರಿಯುತ್ತಲೇ ಇತ್ತು. ಮೋಟರು ನಿಲ್ಲಿಸಬೇಕು ಎಂದು ಕೂಡ ಅವರಿಗೆ ಅನ್ನಿಸಲಿಲ್ಲ. ಸಿದ್ರಾಳೇ ಹೋಗಿ ಕೋಲಿನಿಂದ ನಿಲ್ಲಿಸಿದಳು.

"ಮನೆಯೊಳಗಿನ ಮಾತಲ್ಲ ಸಾರ್," ಎಂದಳು. "ನಿಮ್ಮ ಮಗ ಮಣ್ಣಿನ ಮೇಲೆ ಮುಚ್ಚಳ ಇಟ್ಟು ಬಣ್ಣ ಬಳ್ದಿದಾರೆ. ನಾನು ಬಾಯ್ಬಿಟ್ಟು ಕೇಳಿದೆ, ಅರ್ಥಿಂಗ್ ಇದೆಯಾ ಅಂತ. ಇದೆ ಅಂತ ಬೆರಳು ಮಾಡಿ ತೋರ್ಸಿದ್ರು. ಆಮೇಲೆ ನಿಮ್ಮನೆಯವ್ರು ಬಿದ್ದಾಗ ನನ್ನ ಹೆಸರು ಹೇಳಿದ್ರು. ನಾನು ಒಂದು ದಿನ ಪೂರ್ತಿ ನಾನೇ ಒಬ್ರ ಕೈ ಮುರಿದೆ ಅಂದ್ಕೊಂಡಿದ್ದೆ. ಅದು ಹೇಗಿರುತ್ತೆ ಗೊತ್ತಾ ನಿಮಗೆ?"

ಚನ್ನವೀರಯ್ಯನವರಿಗಿಂತ ಮೊದಲು ಇನ್ನೊಂದು ದನಿ ಬಂತು. ಗಂಗಾಂಬಿಕೆ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದರು. ಬಲ್ಬು ಉರಿಯುವುದನ್ನು ಅವರೂ ನೋಡಿದ್ದರು. ಗಂಡನ ಕಡೆ ನೋಡಿ ಮಾತಾಡಿದರು.

"ನಲ್ಲಿ ಮುಟ್ಟಿದ್ರೆ ಜುಮ್ ಅಂತದೆ ಅಂತ ಯುಗಾದಿಯಿಂದ ಹೇಳ್ತಿದೀನಿ. ನಿಂಗೆ ಸಕ್ಕರೆ ಕಾಯ್ಲೆ, ನರ ಸತ್ತೋಗವೆ ಅಂದ್ರಿ. ಮಾತ್ರೆ ತಂದ್ಕೊಟ್ರಿ. ದಿನಾ ಎರಡು ನುಂಗಿದೀನಿ." ಆಮೇಲೆ ಮಗನ ಕಡೆ ತಿರುಗಿದರು. "ನೀನು ಪಕ್ಕದಲ್ಲೇ ಕೂತು ಊಟ ಮಾಡ್ತಿದ್ದೆ ಕಣೋ. ಕೇಳಿಸ್ಕೋತಿದ್ದೆ."

ಗಂಗಾಂಬಿಕೆ ಚಿಕ್ಕಬೋರಯ್ಯನವರಿಗೆ ಫ್ಯೂಸ್ ಕಿತ್ತುಕೊಡಲು ಹೇಳಿದರು. ಅವರು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಬೇರೆ ಕಡೆ ನೋಡುತ್ತಿದ್ದರು. ಏಜಾಜ್ ಅಹಮದ್ ಮೇನ್ ಸ್ವಿಚ್ ಇಳಿಸಿ, ಪಿಂಗಾಣಿಯ ಫ್ಯೂಸನ್ನು ಎಳೆದು ಗಂಗಾಂಬಿಕೆಯವರ ಎಡಗೈಯಲ್ಲಿಟ್ಟರು. ಅವರು ಅದನ್ನು ಸೆರಗಿನ ತುದಿಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಈ ಸಾಬರು ಸರಿಯಿದೆ ಎಂದು ಹೇಳುವ ತನಕ ಇದು ತನ್ನ ಹತ್ತಿರವೇ ಇರುತ್ತದೆ, ಅಲ್ಲಿಯ ತನಕ ಊರು ಶಾಲೆಯ ಹಿಂದಿನ ಕೈಪಂಪಿನಲ್ಲಿ ಹೊತ್ತುಕೊಳ್ಳಲಿ, ಸಂಗಮೇಶನೂ ಹೊರಲಿ ಎಂದು ಹೇಳಿ, ಬಂದ ಹಾಗೇ ಮನೆಗೆ ನಡೆದರು.

ಸಂಗಮೇಶ್ ಕೊನೆಗೆ ಏಜಾಜ್ ಅಹಮದರ ಹತ್ತಿರ ಬಂದು, ನಾವು ನಾವು ಒಂದೇ ಕಸುಬಿನವರು ಸಾಬ್ರೇ, ಮಗಳಿಗೆ ಸ್ವಲ್ಪ ಹೇಳಿ ಎಂದ. ಅವರು ಕ್ಲಿಪ್ಪುಗಳನ್ನು ಸುತ್ತಿಡುತ್ತಿದ್ದರು. ತಾನು ಸುತ್ತುವ ಮೋಟರುಗಳಲ್ಲಿ ಅರ್ಧ ಇಂಥ ಪಂಪ್‌ಹೌಸುಗಳಿಂದಲೇ ಬರುವುದು, ಇಂಥವನ ಜೊತೆ ಒಂದೇ ಕಸುಬು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ ಎಂದು ಮೆಲ್ಲಗೆ, ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿದರು.

ಸಿದ್ರಾ ಕಟ್ಟೆಯ ಮೇಲಿದ್ದ ತನ್ನ ಸಾಮಾನು ಎತ್ತಿಡುವಾಗ ಚಿಕ್ಕಬೋರಯ್ಯ ಹತ್ತಿರ ಬಂದು ವೈರು ಸುತ್ತಿಕೊಟ್ಟರು. ಅವಳಿಗೆ ಅವರ ಮುಖ ನೋಡಲಾಗಲಿಲ್ಲ. ಭಾನುವಾರ ಆಡಿದ್ದು ತಪ್ಪಾಯಿತು ಎಂದಳು. ಕೋಲು ಯಾಕೆ ಹಿಡಿದಿದ್ದೀರಿ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು, ಕೇಳಲಿಲ್ಲ ಎಂದಳು. ಅವರು ವೈರಿನ ಸುರುಳಿಯನ್ನು ಅವಳ ಚೀಲದೊಳಗೆ ಇಟ್ಟರು.

"ಬೇಜಾರಾಗಿತ್ತು," ಎಂದರು. "ನೀವು ಓದ್ದೋರು, ನೀವಾದ್ರೂ ಕೇಳ್ತೀರಿ ಅಂದ್ಕೊಂಡಿದ್ದೆ."

ಬುಡಿ ಪರವಾಗಿಲ್ಲ ಎಂದು ಅವರು ಹೇಳಬಹುದಿತ್ತು, ಹೇಳಲಿಲ್ಲ. ಅದು ಸರಿಯೇ ಎಂದು ಅವಳಿಗೆ ಅನ್ನಿಸಿತು.

ಬಸ್ಸಿನಲ್ಲಿ ಶೃತಿ ಆ ವಿಡಿಯೊವನ್ನು ಊರಿನ ಗ್ರೂಪಿಗೆ ಹಾಕಿದಳು. ಕೆಳಗೆ, 'ಇದು ನಮ್ಮ ನಲ್ಲಿ. ಆಟಿಕೆ ಹೊರಗೆ ಕಟ್ಟೆ ಮೇಲಿದೆ, ನೋಡ್ಕೊಳಿ' ಎಂದು ಬರೆದಳು. ಸಂಗಮೇಶ್ ಅದನ್ನು ಅಳಿಸುವಂತೆ ಮೂರು ಸಲ ಫೋನು ಮಾಡಿದ. ಅವಳು ಎತ್ತಲಿಲ್ಲ. ಆ ವರ್ಷ ದೀಪಾವಳಿಗೆ ದೊಡ್ಡಪ್ಪನ ಮನೆಯಿಂದ ಅವಳಿಗೆ ಕರೆ ಬರಲಿಲ್ಲ.

ನಾಲ್ಕು ದಿನದಲ್ಲಿ ಪಂಪ್‌ಹೌಸಿನ ಹಿಂದೆ ಆಳವಾದ ಗುಂಡಿ ತೆಗೆದು ನಿಜವಾದ ಪೈಪು ಇಳಿಸಿದರು. ಮೋಟರು ಉಪ್ಪಾರಹಳ್ಳಿಗೆ ಬಂತು; ಏಜಾಜ್ ಅಹಮದ್ ಸುಟ್ಟ ತಂತಿಯನ್ನು ಬಿಚ್ಚಿ ಹೊಸದನ್ನು ಸುತ್ತಿದರು, ಸೋರಿದ ಕರೆಂಟು ಹಿಡಿದು ತಾನಾಗಿ ಬೀಳುವ ಸ್ವಿಚ್ಚೊಂದನ್ನು ಹಾಕಿಸಿದರು. ಸಂಗಮೇಶ್ ಕ್ಷಮೆ ಕೇಳಲಿಲ್ಲ. ಪಂಪ್‌ಹೌಸನ್ನು ಮೇಲ್ದರ್ಜೆಗೆ ಏರಿಸಲಾಗಿದೆ ಎಂದು ಗ್ರೂಪಿನಲ್ಲಿ ಫೋಟೊ ಹಾಕಿದ. ಟ್ರಸ್ಟಿನ ಸಭೆಯಲ್ಲಿ ಇನ್ನು ಮುಂದೆ ಅವನಿಗೆ ಕೆಲಸ ಕೊಡುವುದಿಲ್ಲ ಎಂದು ಬರೆಸಿದವರು ಗಂಗಾಂಬಿಕೆ. ಅವರು ಸದಸ್ಯರೂ ಅಲ್ಲ, ಬಂದು ಕೂತರು, ಯಾರಿಗೂ ಎಬ್ಬಿಸುವ ಧೈರ್ಯವಾಗಲಿಲ್ಲ.

ಡಿಸ್‌ಪ್ಲೇ ಮತ್ತೆ ಗೋಡೆಗೆ ಏರಿತು. ಮೋಟರು ಓಡುವಾಗ ಅಂಕಿ ಕುಣಿಯಲಿಲ್ಲ. ಶುರುವಾಗುವ ಕ್ಷಣದಲ್ಲಿ ಯಾವಾಗಲಾದರೊಮ್ಮೆ ಒಂದು ಅಕ್ಷರ ಕೆಡುತ್ತಿತ್ತು. ಹತ್ತು ಸೆಕೆಂಡಿಗೊಮ್ಮೆ ಪರದೆಯನ್ನು ಹೊಸದಾಗಿ ಬರೆಯುವಂತೆ ಮಾಡಿ ಸಿದ್ರಾ ಅದನ್ನೂ ಸರಿಪಡಿಸಿದಳು. ಚಿಕ್ಕಬೋರಯ್ಯ ಏಣಿ ಹತ್ತುವುದು ವಾರಕ್ಕೊಮ್ಮೆ ಎನ್ನುವಷ್ಟಕ್ಕೆ ಇಳಿಯಿತು.

ಅವಳ ಸಿಟ್ಟು ಮಾತ್ರ ಇಳಿಯಲಿಲ್ಲ. ಪಾಠ ಮಾಡುವಾಗ, ಬಟ್ಟೆ ಒಣಹಾಕುವಾಗ, ಆ ಹಸಿರು ಬಣ್ಣದ ಅಕ್ಷರ ಕಣ್ಣಮುಂದೆ ಬರುತ್ತಿತ್ತು. ಸಂಗಮೇಶ್ ಕೂರಿಸಿದ ಪಂಪು ಇದೊಂದೇ ಅಲ್ಲವಲ್ಲ. ಚಿಕ್ಕಬೋರಯ್ಯನವರಿಗೆ ಫೋನು ಮಾಡಿ ಕೇಳಿದಳು. ಅವರು ಗುರುತಿನ ನೀರುಗಂಟಿಗಳನ್ನೆಲ್ಲ ವಿಚಾರಿಸಿ ಎರಡು ದಿನದಲ್ಲಿ ಹದಿಮೂರು ಹೆಸರು ಹೇಳಿದರು. ಗುಬ್ಬಿಯ ಕಡೆ ಒಂಬತ್ತು, ಕುಣಿಗಲ್ಲಿನ ಕಡೆ ನಾಲ್ಕು. ದೂರು ಕೊಡಬೇಕಾದ ಕಡೆ ದೂರು ಬರೆದುಕೊಟ್ಟಳು. ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು. ಅದು ಬಂದ ವಾರವೇ ತಂದೆಯನ್ನು ಕರೆದುಕೊಂಡು ಹೊರಟಳು.

ಮೊದಲನೆಯದು ಅಮೃತೂರಿನ ಆಚೆ, ತೆಂಗಿನ ತೋಟಗಳ ನಡುವೆ. ಕುಣಿಗಲ್ಲಿನಲ್ಲಿ ಬಸ್ ಬದಲಿಸಿ, ಇಳಿದು ಒಂದೂವರೆ ಕಿಲೋಮೀಟರ್ ನಡೆದರು. ಅಲ್ಲಿನ ನೀರುಗಂಟಿ ಜುಂಜಪ್ಪ ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕೂತಿದ್ದರು. ತಲೆಗೆ ದುಪಟ್ಟಾ ಹೊದ್ದ ಹೆಂಗಸೊಬ್ಬಳು, ಚೀಲ ಹಿಡಿದ ಮುದುಕರೊಬ್ಬರು ಬಂದು ಒಳಗೆ ನೋಡಬೇಕು ಎಂದಾಗ ಅವರಿಗೆ ಅನುಮಾನ ಬಂತು.

"ಯಾರ್ ಕಳ್ಸಿದ್ದು ನಿಮ್ಮನ್ನ?"

"ಯಾರೂ ಕಳ್ಸಿಲ್ಲ," ಎಂದಳು ಸಿದ್ರಾ. "ಈ ನಲ್ಲಿ ಮುಟ್ಟಿದ್ರೆ ಯಾರಿಗಾದ್ರೂ ಜುಮ್ ಅನ್ನುತ್ತಾ? ನಿಮಗೆ ಅನ್ನುತ್ತಾ?"

ಜುಂಜಪ್ಪ ಬಲ ಅಂಗೈಯನ್ನು ಪಂಚೆಗೆ ಉಜ್ಜಿಕೊಂಡರು. ಆಮೇಲೆ ಸೊಂಟದಿಂದ ಬೀಗದ ಕೈ ತೆಗೆದು, ಹೇಳ್ತೀನಿ ಬನ್ನಿ ಎಂದು ಎದ್ದರು.